ಯಾರ ಬಲಕ್ಕೆ ತಿರುಗಿಸಬೇಕು?

ಹೋದ ವರ್ಷ 42 ಪುಟದ ಒಂದು ವರದಿ ಬರೆದೆ. ಮೂರು ವಾರ ಹಿಡಿಯಿತು, ಎರಡು ಶನಿವಾರವೂ ಅದಕ್ಕೇ ಹೋದವು. ಗ್ರಾಫ್‌ಗಳ ಬಣ್ಣ ಸರಿಹೊಂದುತ್ತಿಲ್ಲ ಅಂತ ಕೊನೆಯ ದಿನ ಮೂರು ಸಲ ಬದಲಾಯಿಸಿದ್ದಾಯಿತು. ಮುಗಿಸಿ, ಎಲ್ಲ ಟೀಮಿನವರೂ ನೋಡಬಹುದಾದ ಫೋಲ್ಡರಿಗೆ ಹಾಕಿ ಮನೆಗೆ ಬಂದೆ. ಎರಡು ತಿಂಗಳಾದ ಮೇಲೆ ಇನ್ನೇನನ್ನೋ ಹುಡುಕುತ್ತಾ ಅದೇ ಫೋಲ್ಡರಿಗೆ ಹೋದಾಗ, ಫೈಲಿನ ಪಕ್ಕದಲ್ಲಿ ಅದನ್ನು ಎಷ್ಟು ಜನ ತೆರೆದಿದ್ದಾರೆ ಅನ್ನುವ ಲೆಕ್ಕ ಕಂಡಿತು. ಇಬ್ಬರು. ಒಬ್ಬ ನಾನು. ಇನ್ನೊಬ್ಬರು ನನ್ನ ಮ್ಯಾನೇಜರ್, ಅದೂ ಹಾಕಿದ ದಿನವೇ.

ಕೋಪ ಬರಲಿಲ್ಲ. ಬಂದಿದ್ದರೆ ಚೆನ್ನಾಗಿತ್ತು, ಯಾರ ಮೇಲಾದರೂ ಹಾಯುತ್ತಿದ್ದೆ, ಆರಿ ಹೋಗುತ್ತಿತ್ತು. ಆವತ್ತು ಆದದ್ದು ಬೇರೆ. ಹದಿಮೂರು ವರ್ಷದಲ್ಲಿ ಇಂಥ ಎಷ್ಟು ವರದಿ ಬರೆದಿರಬಹುದು ಅಂತ ಎಣಿಸುತ್ತಾ ಹೋದೆ. ಎಣಿಕೆ ಮುಗಿಯುವ ಮೊದಲೇ ಮುಂದಿನ ಮೀಟಿಂಗ್‌ ಶುರುವಾಯಿತು. ಎದ್ದು ಹೋದೆ.

ಕೆಲಸ ಬಿಡಬೇಕು ಅನ್ನುವ ಮಾತು ಅದಕ್ಕಿಂತ ಮುಂಚೆಯೂ ಮನಸ್ಸಿನಲ್ಲಿ ಇತ್ತು. ಭಾನುವಾರ ಸಂಜೆ ಹೊಟ್ಟೆಯಲ್ಲಿ ಏನೋ ಕಲಸಿದ ಹಾಗಾಗುವುದು, ಅಪ್ರೈಸಲ್‌ ಹತ್ತಿರ ಬಂದಾಗ ನಿದ್ದೆ ಕೆಡುವುದು, ಇವೆಲ್ಲ ಎಷ್ಟೋ ಜನಕ್ಕೆ ಗೊತ್ತಿರುವಂಥದ್ದೇ. ಆದರೆ ಆ ಎರಡರ ಅಂಕಿ ನೋಡಿದ ಮೇಲೆ ನನಗೆ ಏನು ಕಡಿಮೆಯಾಗಿದೆ ಅನ್ನುವುದಕ್ಕೆ ಒಂದು ರೂಪ ಬಂತು. ಸಂಬಳ ಸಾಲದು ಅಂತ ಅಲ್ಲ. ಮ್ಯಾನೇಜರ್‌ ಕೆಟ್ಟವರೂ ಅಲ್ಲ; ನಿಜ ಹೇಳಬೇಕೆಂದರೆ ನನಗೆ ಜ್ವರ ಬಂದಾಗ ನನ್ನ ಪಾಲಿನ ಕೆಲಸವನ್ನು ತಾವೇ ಕೂತು ಮಾಡಿದವರು. ನನ್ನ ಕೆಲಸ ಯಾರ ಕೈಗೆ ಹೋಗಿ ಸೇರುತ್ತದೆ ಅನ್ನುವುದು ನನಗೆ ಕಾಣುತ್ತಿರಲಿಲ್ಲ. ಕೊರತೆ ಅಷ್ಟೇ ಇತ್ತು, ಆದರೆ ಅದು ಸಣ್ಣದಾಗಿರಲಿಲ್ಲ.

ಇದು ನನ್ನೊಬ್ಬನ ತಲೆಹರಟೆಯೇ ಅಂತ ಓದುತ್ತಾ ಹೋದಾಗ ಮನಶ್ಶಾಸ್ತ್ರಜ್ಞ ಆಡಂ ಗ್ರಾಂಟ್‌ ಮತ್ತು ಜೊತೆಗಾರರು 2007ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಸಿಕ್ಕಿತು. ಜನರಿಗೆ ಫೋನ್‌ ಮಾಡಿ ಒಂದು ವಿಶ್ವವಿದ್ಯಾಲಯಕ್ಕೆ ದೇಣಿಗೆ ಎತ್ತುವ ಕೆಲಸದವರು. ದಿನವಿಡೀ ಒಂದೇ ಮಾತು, ಒಂದೇ ನಿರಾಕರಣೆ. ಅವರಲ್ಲಿ ಕೆಲವರಿಗೆ, ಆ ದೇಣಿಗೆಯಿಂದ ವಿದ್ಯಾರ್ಥಿವೇತನ ಪಡೆದ ಒಬ್ಬ ವಿದ್ಯಾರ್ಥಿಯ ಜೊತೆ ಐದು ನಿಮಿಷ ಮಾತಾಡಲು ಬಿಟ್ಟರು. ಅಷ್ಟೇ. ಒಂದು ತಿಂಗಳಾದ ಮೇಲೆ ನೋಡಿದರೆ ಅವರು ಫೋನಿನಲ್ಲಿ ಕಳೆದ ಸಮಯ ಶೇ. 142ರಷ್ಟು, ಎತ್ತಿದ ಹಣ ಶೇ. 171ರಷ್ಟು ಹೆಚ್ಚಿತ್ತು. ಸಂಬಳ ಅದೇ, ಕುರ್ಚಿ ಅದೇ. ಕೆಲಸದ ಆ ಕಡೆ ತುದಿಯಲ್ಲಿ ಇರುವ ಮುಖ ಒಂದು ಸಲ ಕಂಡಿತ್ತು.

ಇದನ್ನು ಓದಿದಾಗ ಮೊದಲು ಬಂದ ಯೋಚನೆ, ಹಾಗಾದರೆ ಕೆಲಸ ಬಿಡಬೇಕಾಗಿಯೇ ಇಲ್ಲವಲ್ಲ ಅಂತ. ಕಂಪನಿಯಲ್ಲೇ ಗ್ರಾಹಕರ ಜೊತೆ ನೇರವಾಗಿ ಇರುವ ವಿಭಾಗಕ್ಕೆ ಹಾಕಿ ಅಂತ ಕೇಳಬಹುದು. ಕೇಳಿದೆ ಕೂಡ. ಆಮೇಲೆ ನೋಡೋಣ ಅಂದರು. ಎಂಟು ತಿಂಗಳು ಕಾದು ಮತ್ತೆ ಕೇಳಿದೆ. ನೀವು ಇಲ್ಲೇ ಬೇಕು ಅಂದರು. ಕೆಲಸ ಬಿಡುವ ಯೋಚನೆಯಲ್ಲಿ ಇರುವ ಯಾರೇ ಆದರೂ ಈ ಬಾಗಿಲನ್ನು ಒಮ್ಮೆ ತಟ್ಟಿ ನೋಡಲೇಬೇಕು ಅಂತ ನನಗೆ ಈಗಲೂ ಅನ್ನಿಸುತ್ತದೆ. ತೆರೆದುಕೊಂಡರೆ ಬಹಳ ದೊಡ್ಡ ಕಷ್ಟ ತಪ್ಪುತ್ತದೆ. ನನಗೆ ತೆರೆಯಲಿಲ್ಲ.

ನನ್ನ ಅಕ್ಕ ಹೊಲಿಗೆ ಕೆಲಸ ಮಾಡುತ್ತಾಳೆ. ಇಪ್ಪತ್ತು ವರ್ಷದ ಮೇಲಾಯಿತು, ಯಾರ ಕೈಕೆಳಗೂ ಇಲ್ಲದೆ ಒಂದೇ ಮಿಷನ್ನಿನಿಂದ ಶುರುಮಾಡಿದವಳು. ಕೆಲಸ ಬಿಡುವ ವಿಷಯ ನಾನು ಮೊದಲು ಹೇಳಿದ್ದು ಅವಳಿಗೆ. ಅವಳು ಒಂದು ಬ್ಲೌಸಿನ ತೋಳು ಬಿಚ್ಚುತ್ತಿದ್ದಳು. ತಲೆ ಎತ್ತಲಿಲ್ಲ.

“ಬೇಜಾರಾಯ್ತು ಅಂತ ಬಿಡ್ತಿದೀಯೋ, ಮಾಡೋಕೆ ಬೇರೆ ಕೆಲಸ ಇದೆ ಅಂತ ಬಿಡ್ತಿದೀಯೋ?”

“ಎರಡೂ ಅನ್ಕೋ.”

“ಎರಡೂ ಅಂದ್ರೆ ಬೇಜಾರೇ ಕಣೋ. ಕೆಲಸ ಇದ್ದೋನು ಏನ್‌ ಕೆಲಸ ಅಂತ ಮೊದಲು ಹೇಳ್ತಿದ್ದ.”

ಆ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಇಲ್ಲ ಅನ್ನುವುದು ಗೊತ್ತಾಗಿದ್ದು ಒಳ್ಳೆಯದಾಯಿತು. ಆವರೆಗೆ ನನ್ನ ಯೋಜನೆಯಲ್ಲಿ ಇದ್ದದ್ದು ಬಿಟ್ಟು ಹೋಗುವ ದಿನದ ಚಿತ್ರ ಮಾತ್ರ. ರಾಜೀನಾಮೆ ಪತ್ರದ ಸಾಲುಗಳು ತಲೆಯಲ್ಲಿ ತಯಾರಿದ್ದವು. ಮರುದಿನ ಬೆಳಿಗ್ಗೆ ಒಂಬತ್ತಕ್ಕೆ ಮೇಜಿನ ಮುಂದೆ ಕೂತು ಏನು ಮಾಡುತ್ತೇನೆ ಅನ್ನುವುದು ಖಾಲಿ.

ನನಗೆ ಬರುವ ಕೆಲಸ ಏನು? ಕಷ್ಟವಾದದ್ದನ್ನು ಅರ್ಥವಾಗುವ ಹಾಗೆ ಬರೆಯುವುದು. ಅದು ಯಾರಿಗೆ ಬೇಕು ಅಂತ ಹುಡುಕುತ್ತಾ ಇದ್ದಾಗ ಪರಿಚಯದವರೊಬ್ಬರ ಮೂಲಕ ಒಂದು ಸಣ್ಣ ಕಾರ್ಖಾನೆಯ ಮಾಲೀಕರು ಸಿಕ್ಕರು. ಪ್ಯಾಕೆಟ್‌ಗಳ ಬಾಯಿ ಬಿಸಿಯಿಂದ ಅಂಟಿಸುವ ಯಂತ್ರ ತಯಾರಿಸುತ್ತಾರೆ. ಯಂತ್ರ ಚೆನ್ನಾಗಿದೆ. ಆದರೆ ಮಾರಿದ ಮೇಲೆ ವಾರಕ್ಕೆ ಹತ್ತಾರು ಫೋನ್‌, ಬೆಲ್ಟ್‌ ಹಾಕೋದು ಹೇಗೆ, ಬಿಸಿ ಎಷ್ಟಿಡಬೇಕು ಅಂತ. ಅವರ ಒಬ್ಬ ಮೆಕ್ಯಾನಿಕ್‌ ಅರ್ಧ ದಿನ ಫೋನಿನಲ್ಲೇ ಇರುತ್ತಾನೆ. ಯಂತ್ರದ ಜೊತೆ ಕೊಡುವ ಕೈಪಿಡಿ ಇದೆ, ಯಾರೂ ಓದುವುದಿಲ್ಲ ಅಂದರು. ತೆಗೆದು ನೋಡಿದೆ. ಓದಲು ಆಗುವಂತೆಯೂ ಇರಲಿಲ್ಲ.

ನಾಲ್ಕು ಶನಿವಾರ ಕೂತು ಹೊಸದಾಗಿ ಬರೆದೆ. ಚಿತ್ರ ಬಿಡಿಸಿದೆ, ಹಂತಗಳಿಗೆ ಸಂಖ್ಯೆ ಹಾಕಿದೆ, ನನಗೆ ಬಹಳ ಸಮಾಧಾನವಾಗಿತ್ತು. ಐದನೆಯ ಶನಿವಾರ ಯಂತ್ರವನ್ನು ಕೊಂಡಿದ್ದ ಒಂದು ಜಾಗಕ್ಕೆ ಕರೆದುಕೊಂಡು ಹೋದರು. ಅಲ್ಲಿನ ಆಪರೇಟರ್‌ ಕೈಗೆ ನಾನು ಬರೆದ ಹಾಳೆ ಕೊಟ್ಟು, ಇದನ್ನು ನೋಡಿಕೊಂಡೇ ಬೆಲ್ಟ್‌ ಬದಲಾಯಿಸಿ, ನಾವು ಏನೂ ಹೇಳುವುದಿಲ್ಲ ಅಂದೆವು. ಐವತ್ತರ ಆಸುಪಾಸಿನ ಮನುಷ್ಯ. ಹಾಳೆಯನ್ನು ಯಂತ್ರದ ಮೇಲೆ ಹರಡಿ, ಎಡಗೈ ತೋರುಬೆರಳನ್ನು ಸಾಲಿನ ಕೆಳಗೆ ಇಟ್ಟು, ಬಲಗೈಯಲ್ಲಿ ಕೆಲಸ ಮಾಡುತ್ತಾ ಹೋದರು. ಸ್ವಿಚ್‌ ಆರಿಸಿದರು. ತಣಿಯುವವರೆಗೆ ಕಾದರು. ಮುಚ್ಚಳ ತೆಗೆದರು. ಆರನೆಯ ಹಂತ ಮುಗಿಯಿತು. ಏಳನೆಯದಕ್ಕೆ ಬೆರಳು ನಿಂತಿತು.

“ಸರ್‌, ಇದು ಯಾರ ಬಲ?”

ನಾನು ಬರೆದಿದ್ದು, “ತಿರುಪನ್ನು ಬಲಕ್ಕೆ ತಿರುಗಿಸಿ.” ಬೆಲ್ಟ್‌ ಸಡಿಲ ಮಾಡುವ ಆ ತಿರುಪು ಇರುವುದು ಯಂತ್ರದ ಹಿಂಬದಿಯಲ್ಲಿ. ಮುಂದೆ ನಿಂತು ಯಂತ್ರದ ಮೇಲಿಂದ ಕೈ ಚಾಚಿದರೆ ಒಂದು ಬಲ, ಹಿಂದೆ ಹೋಗಿ ನಿಂತರೆ ಇನ್ನೊಂದು. ನಾನು ಮೇಜಿನ ಮೇಲೆ ಚಿತ್ರ ನೋಡಿಕೊಂಡು ಬರೆದಿದ್ದೆ, ಮತ್ತು ಚಿತ್ರಕ್ಕೆ ಹಿಂಬದಿ ಇರಲಿಲ್ಲ. ಅವರ ಪಕ್ಕ ಹೋಗಿ ನಿಂತೆ. ಅವರು ಎಲ್ಲಿ ನಿಲ್ಲುತ್ತಾರೆ, ಯಾವ ಕೈ ಎಲ್ಲಿ ಹೋಗುತ್ತದೆ ನೋಡಿದೆ. ಅಲ್ಲೇ ಪೆನ್ನು ತೆಗೆದು ಆ ಸಾಲನ್ನು ಹೊಡೆದು ಹಾಕಿ, “ಯಂತ್ರದ ಹಿಂದೆ ಹೋಗಿ ನಿಲ್ಲಿ. ತಿರುಪಿನ ಹಿಡಿಯನ್ನು ನಿಮ್ಮ ಮೈ ಕಡೆಗೆ ಎಳೆದು ತಿರುಗಿಸಿ” ಅಂತ ಬರೆದೆ. ಅವರು ಓದಿದರು. ಹಿಂದೆ ಹೋದರು. ಮೈ ಕಡೆಗೆ ಎಳೆದರು. ಬೆಲ್ಟ್‌ ಸಡಿಲವಾಗಿ ಕೆಳಗೆ ಜೋತುಬಿತ್ತು.

“ಹಾಂ, ಈಗ ಸರಿ” ಅಂದರು, ಬೆರಳು ಎಂಟನೆಯ ಸಾಲಿಗೆ ಹೋಯಿತು.

ಹದಿಮೂರು ವರ್ಷದಲ್ಲಿ ನಾನು ಬರೆದ ಒಂದು ವಾಕ್ಯ ಒಬ್ಬ ಮನುಷ್ಯನ ಕೈಯಲ್ಲಿ ಕೆಲಸ ಮಾಡಿದ್ದನ್ನು ನೋಡಿದ್ದು ಅದೇ ಮೊದಲು. ಸಂಜೆ ಅಕ್ಕನಿಗೆ ಫೋನ್‌ ಮಾಡಿ, ಏನು ಕೆಲಸ ಅಂತ ಕೇಳಿದ್ದೆಯಲ್ಲ, ಹೇಳ್ತೀನಿ ಕೇಳು ಅಂದೆ.

ಆಸೆ ಹುಟ್ಟಿದ ಮೇಲೆ ಲೆಕ್ಕಕ್ಕೆ ಕೂರಬೇಕು. ಲೆಕ್ಕದಲ್ಲಿ ಮೊದಲು ಎದುರಾದದ್ದು ಭಯ. ಒಂದು ಹಾಳೆಯನ್ನು ಎರಡು ಭಾಗ ಮಾಡಿ, ಕೆಲಸ ಬಿಟ್ಟರೆ ಸಿಗುವುದು, ಹೋಗುವುದು ಅಂತ ಬರೆದಾಗ ಹೋಗುವುದರ ಪಟ್ಟಿ ಪುಟ ತುಂಬಿ ಹಿಂದಕ್ಕೆ ಹೋಯಿತು. ಮನಶ್ಶಾಸ್ತ್ರಜ್ಞರಾದ ಡೇನಿಯಲ್‌ ಕಾಹ್ನೆಮನ್‌ ಮತ್ತು ಏಮಸ್‌ ಟ್ವರ್ಸ್ಕಿ 1979ರಲ್ಲಿ ಹೇಳಿದ್ದು ಇದನ್ನೇ: ಬರುವುದಕ್ಕಿಂತ ಕಳೆದುಕೊಳ್ಳುವುದು ಮನಸ್ಸಿಗೆ ಹೆಚ್ಚು ಭಾರ. ಎಷ್ಟು ಹೆಚ್ಚು ಅಂತ 1992ರಲ್ಲಿ ಅವರು ಲೆಕ್ಕ ಹಾಕಿದಾಗ ಬಂದ ಅಂಕಿ ಸುಮಾರು 2.25 ಪಟ್ಟು. ನನ್ನ ಹಾಳೆಯನ್ನು ಮತ್ತೆ ನೋಡಿದೆ. ಹೋಗುವುದರ ಕಡೆ ಬರೆದಿದ್ದರಲ್ಲಿ ಅರ್ಧದಷ್ಟು ಒಂದೇ ವಿಷಯವನ್ನು ಬೇರೆ ಬೇರೆ ಮಾತಿನಲ್ಲಿ ಹೇಳಿದ್ದಾಗಿತ್ತು. ಗುರುತಿನ ಚೀಟಿ ಹೋಗುತ್ತದೆ, ಹುದ್ದೆಯ ಹೆಸರು ಹೋಗುತ್ತದೆ, ಯಾರಾದರೂ ಏನು ಮಾಡ್ಕೊಂಡಿದೀರಿ ಅಂತ ಕೇಳಿದರೆ ಹೇಳುವ ಮಾತು ಹೋಗುತ್ತದೆ. ಇವನ್ನೆಲ್ಲ ಒಂದೇ ಸಾಲಾಗಿ ಸೇರಿಸಿ ಬರೆದೆ. ಉಳಿದದ್ದು ನಿಜವಾದ ಭಯ: ಹಣ, ಕಾಯಿಲೆ, ಒಂಟಿತನ.

ಹಣದ ವಿಷಯದಲ್ಲಿ ಮನಸ್ಸಿಗೆ ಹಿತವಾಗುವ ಮಾತು ಹೇಳುವುದು ಸುಲಭ, ನಾನು ಹೇಳುವುದಿಲ್ಲ. ಅರ್ಥಶಾಸ್ತ್ರಜ್ಞ ಬಾರ್ಟನ್‌ ಹ್ಯಾಮಿಲ್ಟನ್‌ 2000ದಲ್ಲಿ ಪ್ರಕಟಿಸಿದ ಅಧ್ಯಯನ ಅಮೆರಿಕದ ಸ್ವಂತ ಉದ್ಯೋಗಿಗಳದ್ದು. ಹತ್ತು ವರ್ಷ ಸ್ವಂತ ಕೆಲಸ ಮಾಡಿದವರ ಮಧ್ಯಮ ಗಳಿಕೆ, ಅಷ್ಟೇ ಕಾಲ ಸಂಬಳದ ಕೆಲಸದಲ್ಲಿ ಇದ್ದಿದ್ದರೆ ಸಿಗುತ್ತಿದ್ದುದಕ್ಕಿಂತ ಶೇ. 35ರಷ್ಟು ಕಡಿಮೆ. ಹಾಗಿದ್ದೂ ಜನ ಯಾಕೆ ಅದರಲ್ಲೇ ಇರುತ್ತಾರೆ? ಮಥಿಯಾಸ್‌ ಬೆನ್ಸ್‌ ಮತ್ತು ಬ್ರೂನೋ ಫ್ರೇ 2008ರಲ್ಲಿ 23 ದೇಶಗಳ ಮಾಹಿತಿ ಇಟ್ಟುಕೊಂಡು ನೋಡಿದಾಗ, ಸ್ವಂತ ಉದ್ಯೋಗಿಗಳಿಗೆ ತಮ್ಮ ಕೆಲಸದ ಬಗ್ಗೆ ಇರುವ ತೃಪ್ತಿ ಸಂಬಳದವರಿಗಿಂತ ಹೆಚ್ಚು ಅಂತ ಕಂಡಿತು. ಅದಕ್ಕೆ ಮುಖ್ಯ ಕಾರಣ, ಮಾಡುವ ಕೆಲಸದಲ್ಲಿ ಇರುವ ಆಸಕ್ತಿ ಮತ್ತು ಸ್ವಾತಂತ್ರ್ಯ. ಈ ಎರಡು ಅಧ್ಯಯನಗಳನ್ನು ಒಟ್ಟಿಗೆ ಇಟ್ಟುಕೊಂಡು ನಾನು ಮನೆಯಲ್ಲಿ ಮಾತಾಡಿದೆ. ಕಡಿಮೆ ಬರುತ್ತದೆ ಅಂತಲೇ ಹಿಡಿದು ಹೊರಡೋಣ, ಹೆಚ್ಚು ಬಂದರೆ ಆಮೇಲೆ ನೋಡೋಣ ಅಂತ.

ಹೆಂಡತಿ ಕೇಳಿದ್ದು ಒಂದೇ ಪ್ರಶ್ನೆ. “ಕಡಿಮೆ ಅಂದ್ರೆ ಎಷ್ಟು ರೀ? ಆ ದುಡ್ಡಲ್ಲಿ ಈಗಿಂದಲೇ ಸಂಸಾರ ನಡೆಸಿ ನೋಡೋಣ.”

ಅದು ನನಗೆ ಹೊಳೆದಿರಲಿಲ್ಲ. ಸಂಬಳ ಬಂದ ದಿನವೇ ಅರ್ಧವನ್ನು ಬೇರೆ ಖಾತೆಗೆ ಹಾಕಿ, ಉಳಿದ ಅರ್ಧದಲ್ಲಿ ಆರು ತಿಂಗಳು ನಡೆಸುವುದು ಅಂತ ಮಾಡಿದೆವು. ಮೊದಲ ಎರಡು ತಿಂಗಳು ನಡೆಯಿತು. ಮೂರನೆಯ ತಿಂಗಳು ಫ್ರಿಡ್ಜ್‌ ಕೆಟ್ಟಿತು, ಅದೇ ವಾರ ಅಮ್ಮನ ಹಲ್ಲಿನ ಚಿಕಿತ್ಸೆ ಬಂತು, ಆ ಖಾತೆಗೆ ಕೈ ಹಾಕಬೇಕಾಯಿತು. ಮಗಳ ಶಾಲೆಯ ಪ್ರವಾಸದ ದುಡ್ಡು ಕಟ್ಟುವ ದಿನ ಅವಳು ನನ್ನ ಮುಖ ನೋಡಿ, “ಅಪ್ಪಾ, ಹೋಗ್ಲಿ ಬಿಡು, ಮುಂದಿನ ವರ್ಷ ಹೋಗ್ತೀನಿ” ಅಂದಳು. ಪ್ರವಾಸಕ್ಕೆ ಕಳಿಸಿದೆವು. ಆದರೆ ಆ ಮಾತು ಎದೆಯಲ್ಲಿ ಕೂತಿದೆ, ಲೆಕ್ಕದ ಹಾಳೆಯಲ್ಲಿ ಅದಕ್ಕೆ ಜಾಗವಿಲ್ಲ. ಆ ತಿಂಗಳು ಕಲಿತದ್ದು, ತಿಂಗಳ ಖರ್ಚು ಅಂತ ನಾವು ಬರೆದಿದ್ದು ಏನೂ ಕೆಡದ ತಿಂಗಳ ಖರ್ಚು. ಅದಕ್ಕೆ ಕಾಲು ಭಾಗ ಸೇರಿಸಿ ಮತ್ತೆ ಬರೆದೆವು. ಕೂಡಿಟ್ಟ ದುಡ್ಡನ್ನು ಆ ಹೊಸ ಅಂಕಿಯಿಂದ ಭಾಗಿಸಿದರೆ ಬಂದದ್ದು ಏಳು ತಿಂಗಳು. ಹನ್ನೆರಡು ಆಗುವವರೆಗೆ ಬಿಡುವುದು ಬೇಡ ಅಂತ ತೀರ್ಮಾನಿಸಿದೆವು. ಕಂಪನಿಯ ಆರೋಗ್ಯ ವಿಮೆ ಕೆಲಸದ ಜೊತೆಗೇ ಹೋಗುವುದರಿಂದ ನಮ್ಮದೇ ಹೆಸರಿನಲ್ಲಿ ಒಂದನ್ನು ಮೊದಲೇ ಮಾಡಿಸಿದೆವು. ಇದನ್ನು ರಾಜೀನಾಮೆ ಕೊಟ್ಟ ಮೇಲೆ ನೋಡೋಣ ಅಂತ ಯಾರೂ ಬಿಡಬಾರದು.

ಇನ್ನು ಕೆಲಸಕ್ಕೆ ಎಷ್ಟು ಕೇಳುವುದು ಅನ್ನುವ ಪ್ರಶ್ನೆ. ಮೊದಲು ನಾನು ಮಾಡಿದ್ದು ಬಹಳ ಜನ ಮಾಡುವ ತಪ್ಪನ್ನೇ. ವರ್ಷದ ಸಂಬಳವನ್ನು ವರ್ಷದ ಗಂಟೆಗಳಿಂದ ಭಾಗಿಸಿದೆ. ವಾರಕ್ಕೆ 40 ಗಂಟೆ, 52 ವಾರ, 2,080 ಗಂಟೆ. ಬಂದ ಅಂಕಿಯನ್ನು ಗಂಟೆಯ ದರ ಅಂದುಕೊಂಡೆ. ಅಕ್ಕನಿಗೆ ತೋರಿಸಿದರೆ ಅವಳು ತನ್ನ ಬರೆದಿಡುವ ಪುಸ್ತಕ ತಂದಳು. ಒಂದು ಬಟ್ಟೆಗೆ ಹೊಲಿಗೆ ಮಿಷನ್‌ ಓಡುವ ಹೊತ್ತು ಎಷ್ಟು, ಅಳತೆ ತೆಗೆಯುವುದು, ದಾರ ತರಲು ಹೋಗುವುದು, ಬಂದವರ ಜೊತೆ ಮಾತಾಡುವುದು, ಸರಿಯಾಗಲಿಲ್ಲ ಅಂತ ವಾಪಸ್‌ ತಂದದ್ದನ್ನು ಬಿಚ್ಚಿ ಹೊಲಿಯುವುದು ಎಷ್ಟು ಅಂತ. “ಮಿಷನ್‌ ಓಡೋದಕ್ಕೆ ಮಾತ್ರ ದುಡ್ಡು ಕಣೋ. ಓಡದೇ ಇರೋ ಹೊತ್ತೂ ಅದರಿಂದಲೇ ಬರಬೇಕು.”

ಆಮೇಲೆ ನನ್ನದನ್ನೂ ಬರೆದಿಡಲು ಶುರುಮಾಡಿದೆ. ಹನ್ನೊಂದು ಶನಿವಾರ, ಒಟ್ಟು 66 ಗಂಟೆ. ಅದರಲ್ಲಿ ಬಿಲ್‌ ಮಾಡಬಹುದಾದ ಬರವಣಿಗೆ ಮತ್ತು ಚಿತ್ರದ ಕೆಲಸ 37 ಗಂಟೆ. ಮಿಕ್ಕಿದ್ದು ಓಡಾಟ, ಫೋನ್‌, ಕೊಟೇಶನ್‌ ಕಳಿಸುವುದು, ಬಿಲ್‌ ಬರೆಯುವುದು. ಅಂದರೆ ನೂರಕ್ಕೆ 56. ರಜೆ, ಹುಷಾರಿಲ್ಲದ ದಿನ ಎಲ್ಲ ಕಳೆದು ವರ್ಷಕ್ಕೆ 46 ವಾರ ಅಂತ ಹಿಡಿದರೆ 1,840 ಗಂಟೆ, ಅದರಲ್ಲಿ ನೂರಕ್ಕೆ 56 ಅಂದರೆ ಸುಮಾರು 1,030. ಮೊದಲಿನ 2,080ರ ಅರ್ಧ. ಹಾಗಾಗಿ ಈಗಿನ ಸಂಬಳದಷ್ಟೇ ಕೈಗೆ ಬರಬೇಕೆಂದರೂ ನನ್ನ ದರ ಮೊದಲು ಅಂದುಕೊಂಡದ್ದರ ಎರಡು ಪಟ್ಟು ಇರಬೇಕು, ಅದೂ ವಿಮೆ, ಕಂಪ್ಯೂಟರ್‌, ಇಷ್ಟು ದಿನ ಕಂಪನಿ ಕಟ್ಟುತ್ತಿದ್ದ ಇತರ ಖರ್ಚು ಸೇರಿಸುವ ಮೊದಲು. ಆ ದರವನ್ನು ಬಾಯಿಬಿಟ್ಟು ಹೇಳಲು ನನಗೆ ನಾಲಿಗೆ ಏಳುತ್ತಿರಲಿಲ್ಲ. ಎರಡನೆಯ ಕ್ಲೈಂಟಿಗೆ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಅರ್ಧ ಅಡ್ವಾನ್ಸ್‌ ಕೊಡ್ತೀನಿ, ಯಾವಾಗ ಶುರು ಅಂದರು.

ಅಡ್ವಾನ್ಸ್‌ ಕೇಳುವುದನ್ನು ಕಲಿಸಿದ್ದು ಮೊದಲ ಕೆಲಸ. ಮೂವತ್ತು ದಿನಕ್ಕೆ ಕೊಡುತ್ತೇವೆ ಅಂದ ಹಣ ಬಂದದ್ದು ಎಪ್ಪತ್ತೊಂದನೆಯ ದಿನ. ಒಳ್ಳೆಯ ಜನವೇ, ಅವರಿಗೂ ಎಲ್ಲಿಂದಲೋ ಬರಬೇಕಿತ್ತು. ಸಂಬಳದವನಾಗಿ ನನಗೆ ಈ ಸರಪಳಿ ಕಂಡೇ ಇರಲಿಲ್ಲ. ತಿಂಗಳ ಕೊನೆಗೆ ಮೊಬೈಲಿಗೆ ಮೆಸೇಜ್‌ ಬರುತ್ತಿತ್ತು. ಅದರ ಹಿಂದೆ ಯಾರೋ ಯಾರಿಗೋ ಫೋನ್‌ ಮಾಡಿ, ಬಾಕಿ ಕೇಳಿ, ಕಾದು, ಕೂಡಿಸಿ ಹಾಕಿರುತ್ತಾರೆ ಅನ್ನುವುದನ್ನು ಒಮ್ಮೆಯೂ ಯೋಚಿಸಿರಲಿಲ್ಲ. ಆ ವಿಷಯದಲ್ಲಿ ಕಂಪನಿಯ ಮೇಲೆ ನನಗೆ ಈಗ ಮೊದಲಿಗಿಂತ ಗೌರವ ಹೆಚ್ಚಾಗಿದೆ.

ಇಷ್ಟೆಲ್ಲ ಕೆಲಸದಲ್ಲಿ ಇದ್ದುಕೊಂಡೇ ಮಾಡುವುದು ಸರಿಯೇ ಅಂತ ಕೆಲವರು ಕೇಳುತ್ತಾರೆ. ಎರಡು ರೀತಿಯಲ್ಲಿ ಕೇಳುತ್ತಾರೆ. ಒಂದು, ನ್ಯಾಯವೇ ಅಂತ. ಆ ಪ್ರಶ್ನೆಗೆ ನಾನು ಮಾಡಿದ್ದು ನೇಮಕಾತಿ ಪತ್ರವನ್ನು ಹುಡುಕಿ ಪೂರ್ತಿ ಓದಿದ್ದು. ಸೇರಿದ ದಿನ ಸಹಿ ಹಾಕಿ ಬೀರುವಿನಲ್ಲಿ ಇಟ್ಟ ಮೇಲೆ ಅದನ್ನು ತೆರೆದಿರಲಿಲ್ಲ. ಹೊರಗಿನ ಕೆಲಸಕ್ಕೆ ಲಿಖಿತ ಅನುಮತಿ ಬೇಕು ಅಂತ ಇತ್ತು. ಕೇಳಿದೆ. ಕಂಪನಿಯ ವ್ಯವಹಾರಕ್ಕೆ ಸಂಬಂಧವಿಲ್ಲದ ಕೆಲಸವಾದ್ದರಿಂದ ಕೊಟ್ಟರು. ಆಫೀಸಿನ ಲ್ಯಾಪ್‌ಟಾಪ್‌ ಮುಟ್ಟಲಿಲ್ಲ, ಆಫೀಸಿನ ಹೊತ್ತಿನಲ್ಲಿ ಫೋನ್‌ ಎತ್ತಲಿಲ್ಲ. ಕೊಡದೇ ಇದ್ದಿದ್ದರೆ ಏನು ಮಾಡುತ್ತಿದ್ದೆ? ಕದ್ದು ಮಾಡುತ್ತಿರಲಿಲ್ಲ. ಆಪರೇಟರ್‌ ಪಕ್ಕ ನಿಲ್ಲುವಾಗ ಸಿಕ್ಕ ಸಂತೋಷವನ್ನು ಬಚ್ಚಿಟ್ಟುಕೊಂಡು ಅನುಭವಿಸುವುದು ನನ್ನಿಂದ ಆಗುವ ಮಾತಲ್ಲ.

ಎರಡನೆಯದು, ಧೈರ್ಯ ಇದ್ದರೆ ಒಂದೇ ಸಲ ಬಿಟ್ಟು ಇಳಿಯಬೇಕು, ಎರಡು ದೋಣಿಯಲ್ಲಿ ಕಾಲಿಡಬಾರದು ಅನ್ನುವವರ ಮಾತು. ಇದನ್ನು ನಾನು ಒಪ್ಪುವುದಿಲ್ಲ. ಜೋಸೆಫ್‌ ರಾಫಿ ಮತ್ತು ಜೀ ಫೆಂಗ್‌ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸಂಬಳದ ಕೆಲಸ ಇಟ್ಟುಕೊಂಡು ಶುರುಮಾಡಿ ಆಮೇಲೆ ಪೂರ್ತಿ ಇಳಿದವರ ವ್ಯವಹಾರ ಮುಳುಗುವ ಸಾಧ್ಯತೆ, ಒಮ್ಮೆಲೇ ಬಿಟ್ಟವರಿಗಿಂತ ಸುಮಾರು ಮೂರನೇ ಒಂದರಷ್ಟು ಕಡಿಮೆ ಇತ್ತು. ಫಿಲ್‌ ನೈಟ್‌ 1964ರಲ್ಲಿ ಶೂ ಮಾರುವ ಕಂಪನಿ (ಮುಂದೆ ನೈಕಿ ಆದದ್ದು ಅದೇ) ಶುರುಮಾಡಿದ ಮೇಲೂ 1969ರವರೆಗೆ ಅಕೌಂಟೆಂಟ್‌ ಆಗಿ, ಪಾಠ ಹೇಳಿ ಹೊಟ್ಟೆಪಾಡು ನಡೆಸಿದವರು. ಅವರಿಗೆ ಧೈರ್ಯ ಇರಲಿಲ್ಲ ಅಂತ ಯಾರು ಹೇಳುತ್ತಾರೆ? ನನಗಂತೂ ಈ ಶನಿವಾರಗಳು ಇಲ್ಲದೇ ಹೋಗಿದ್ದರೆ “ಬಲಕ್ಕೆ ತಿರುಗಿಸಿ” ಅನ್ನುವಂಥ ತಪ್ಪುಗಳನ್ನೆಲ್ಲ ಮನೆಯ ಬಾಡಿಗೆ ಕಟ್ಟಬೇಕಾದ ದುಡ್ಡಿನಲ್ಲಿ ಕಲಿಯಬೇಕಾಗುತ್ತಿತ್ತು.

ಅದಕ್ಕೆ ತೆರುವ ಬೆಲೆಯೂ ಇದೆ. ವಾರಕ್ಕೆ ಆರು ದಿನ ದುಡಿದು ಏಳನೆಯ ದಿನ ಮಂಕಾಗಿ ಬಿದ್ದಿರುತ್ತೇನೆ. ಎರಡು ಸಲ ಮಗಳಿಗೆ ಕೊಟ್ಟ ಮಾತು ತಪ್ಪಿದ್ದೇನೆ. ಇದನ್ನು ವರ್ಷಗಟ್ಟಲೆ ಎಳೆಯಲು ಆಗುವುದಿಲ್ಲ. ಹಾಗಾಗಿಯೇ ಬಿಡುವ ದಿನಕ್ಕೆ ಮೂರು ಷರತ್ತು ಬರೆದು ಫ್ರಿಡ್ಜ್‌ ಬಾಗಿಲಿಗೆ ಅಂಟಿಸಿದ್ದೇವೆ: ಹನ್ನೆರಡು ತಿಂಗಳ ಖರ್ಚು ಕೈಯಲ್ಲಿರಬೇಕು, ಒಂದು ಸಾಲದ ಕಂತು ಪೂರ್ತಿ ಮುಗಿದಿರಬೇಕು, ಮೂರು ಕ್ಲೈಂಟ್‌ ಇರಬೇಕು, ಅದರಲ್ಲಿ ಒಬ್ಬರಾದರೂ ಎರಡನೆಯ ಸಲ ಬಂದವರಾಗಿರಬೇಕು. ಕೊನೆಯದನ್ನು ಸೇರಿಸಿದ್ದು ಅಕ್ಕ. ಮೊದಲ ಸಲ ಜನ ಪರಿಚಯಕ್ಕೆ ಬರುತ್ತಾರೆ, ಎರಡನೆಯ ಸಲ ಕೆಲಸಕ್ಕೆ ಬರುತ್ತಾರೆ ಅಂತ ಅವಳ ಲೆಕ್ಕ.

ಒಂಟಿತನದ ಬಗ್ಗೆ ಇನ್ನೂ ಏನೂ ಮಾಡಿಲ್ಲ. ಆಫೀಸಿನಲ್ಲಿ ನನ್ನ ಪಕ್ಕದ ಮೇಜಿನವನು ಹತ್ತು ವರ್ಷದಿಂದ ಪಕ್ಕದ ಮೇಜಿನವನೇ. ನಾನು ಮಾತಾಡದೇ ಕೂತರೆ ಏನಾಯ್ತು ಅಂತ ಕೇಳುವ ಮೊದಲನೆಯವನು. ಅವನಿಗೆ ಮಾತ್ರ ವಿಷಯ ಹೇಳಿದ್ದೇನೆ. “ಹೋಗೋ, ನಿನ್‌ ಕೈಲಾಗುತ್ತೆ” ಅಂದ, ಆಮೇಲೆ ತುಂಬಾ ಹೊತ್ತು ಸ್ಕ್ರೀನ್‌ ನೋಡುತ್ತಾ ಕೂತ. ಹೋಗುವುದರ ಪಟ್ಟಿಯಲ್ಲಿ ಅವನ ಹೆಸರನ್ನು ನಾನು ಬರೆದಿರಲಿಲ್ಲ. ಆವತ್ತು ರಾತ್ರಿ ಹೋಗಿ ಬರೆದೆ.

ಹಣದ ಷರತ್ತಿಗೆ ಇನ್ನು ಎರಡು ತಿಂಗಳು ಬೇಕು. ಕಂತು ಮುಗಿದಿದೆ. ಯಂತ್ರದ ಮಾಲೀಕರು ಇನ್ನೊಂದು ಮಾದರಿಗೂ ನೀವೇ ಬರೆಯಿರಿ ಅಂದಿದ್ದಾರೆ, ಹಾಗಾಗಿ ಎರಡನೆಯ ಸಲ ಬಂದವರು ಸಿಕ್ಕ ಹಾಗಾಯಿತು. ಮೂರನೆಯ ಕ್ಲೈಂಟ್‌ ಸಿಕ್ಕಿಲ್ಲ. ಬರುವ ಶನಿವಾರ ಎರಡು ಕಡೆ ಹೋಗಿಬರುವುದಿದೆ. ಈ ನಡುವೆ ಆ ಆಪರೇಟರ್‌ ಮಾಲೀಕರ ಕೈಲಿ ಹೇಳಿ ಕಳಿಸಿದ್ದಾರೆ, ಏಳನೆಯ ಹಂತದ ಚಿತ್ರ ಸಣ್ಣದಾಯಿತು, ಕನ್ನಡಕ ಇಲ್ಲದೆ ಕಾಣುವುದಿಲ್ಲ ಅಂತ. ಊಟ ಆದ ಮೇಲೆ ಅದನ್ನು ದೊಡ್ಡದು ಮಾಡಿ ಕಳಿಸಬೇಕು.